ಮೇಹೆಮ್ ಪದದ ಹುಟ್ಟು ಹೇಳಿದ ಮೇಡಂ

ಹಣೆಯ ಮೇಲೆ ಮೂರೆಳೆ ವಿಭೂತಿ, ಮೂಗಿನ ತುದಿಗೆ ಚಾಕ್‌ಪೀಸಿನ ಪುಡಿ. ಮಾತಿನ ನಡುವೆ ಮೂಗು ತುರಿಸಿಕೊಳ್ಳುವ ಅಭ್ಯಾಸ ನಮ್ಮ ಮೇಡಂಗೆ. ಪಾಠ ಮುಗಿಯುವ ಹೊತ್ತಿಗೆ ಅರ್ಧ ಮುಖ ಬೆಳ್ಳಗಾಗಿರುತ್ತಿತ್ತು. ದಾವಣಗೆರೆ ಕಡೆಯವರು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಜಾಲಹಳ್ಳಿಯ ಫ್ಲ್ಯಾಟಿನಲ್ಲಿ ಮಗಳೊಂದಿಗಿದ್ದರು. ಭಾನುವಾರ ಕೆಳಗಿನ ಪಾರ್ಕಿಂಗಿನಲ್ಲಿ ಬೋರ್ಡ್ ಒರಗಿಸಿ, ಪೀಣ್ಯದ ಕಾರ್ಖಾನೆಗಳ ನಮ್ಮಂಥವರಿಗೆ ಬಿಟ್ಟಿ ಪಾಠ.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ತಗಡು ಕತ್ತರಿಸುವ ಪವರ್ ಪ್ರೆಸ್ ಮುಂದೆ ನಿಂತರೆ ನನ್ನಷ್ಟು ಮಾಲು ತೆಗೆಯುವವನು ಇಡೀ ಶೆಡ್ಡಿನಲ್ಲಿರಲಿಲ್ಲ. ಹೇಳಿಕೊಳ್ಳಲು ಇವತ್ತಿಗೂ ನಾಚಿಕೆಯಿಲ್ಲ.

"ಈ ವಾರ ಯಾವ ಪದ ಕಿವಿಗೆ ಬಿತ್ತು? ತಗಂಡ್ ಬನ್ರಿ," ಎನ್ನುತ್ತಿದ್ದರು ಮೇಡಂ. ಒಂದು ಭಾನುವಾರ ನಾನು 'ಮೇಹೆಮ್' ಒಯ್ದೆ. ಆರ್ಡರ್ ತಡವಾಗಿ, ಲಾರಿ ಕಾದು ನಿಂತು, ಎಲ್ಲರೂ ಎಲ್ಲರ ಮೇಲೆ ಕೂಗಾಡಿದ ದಿನ ಮ್ಯಾನೇಜರ್ ಬಾಯಿಂದ ಬಂದ ಪದ ಅದು.

"ಈಗ ಗೊಂದಲ, ದಾಂಧಲೆ ಅಂತ ಅರ್ಥ. ಹುಟ್ಟಿದ್ದು ಹಂಗಲ್ಲ," ಎಂದರು. "ಹಳೇ ಫ್ರೆಂಚ್‌ನಿಂದ ಇಂಗ್ಲೆಂಡಿನ ಕಾನೂನಿಗೆ ಬಂತು. ಒಬ್ಬನ ಕೈನೋ ಬೆರಳೋ ಕಣ್ಣೋ ತೆಗೆದು, ಅವನು ಕಾದಾಡಕೆ ಬಾರದಂಗೆ ಮಾಡಿದ್ರೆ ಅದು ಮೇಹೆಮ್. ಮುಂದಿನ ಹಲ್ಲು ಮುರಿದ್ರೂ ಮೇಹೆಮ್. ಮೂಗು ಕುಯ್ದ್ರೆ ಅಲ್ಲ."

"ಮೂಗಿಗೆ ಬೆಲೆನೇ ಇಲ್ವಾ ಮೇಡಂ?"

"ಮೂಗಿಂದ ಯುದ್ಧ ಮಾಡ್ತಾರೇನ್ರಿ? ಹಲ್ಲಿದ್ರೆ ಕಚ್ಚಬೋದು." ಎಲ್ಲರೂ ನಕ್ಕೆವು. "ತನ್ನ ಕೈ ತಾನೇ ಕಡ್ಕಂಡ್ರೂ ಅಪರಾಧ. ಆ ಕೈ ರಾಜನ ಸೇವೆಗೆ ಬೇಕಿತ್ತು."

ನನಗೆ ರೇಗಿತು. "ನನ್ನ ಕೈ ನಂದು ಮೇಡಂ. ಯಾವ ರಾಜಂದೂ ಅಲ್ಲ." ಈ ಕೈ ಮಾಡುವ ಕೆಲಸ ನೋಡಿ ಎಂದು ಎದ್ದು ನಿಂತು ತೋರಿಸಿದೆ: ಎಡಗೈಯಿಂದ ತಗಡು ಒಳಗಿಡುವುದು, ಬಲಗೈಯಿಂದ ಬಟನ್ ಒತ್ತುವುದು.

"ಒಂದೇ ಬಟನ್ನಾ?"

"ಎರಡಿರ್ತವೆ. ಎರಡೂ ಕೈಲಿ ಒತ್ತಿದ್ರೇನೇ ಪ್ರೆಸ್ ಇಳಿಯೋದು. ಲೇಟಾಗುತ್ತೆ ಅಂತ ಒಂದು ಯಾವಾಗ್ಲೂ ಒತ್ತಿದಂಗೇ ಇರೋ ಹಾಗೆ ಸೈಕಲ್ ಟ್ಯೂಬ್ ಬಿಗಿದು ಕಟ್ಬಿಡ್ತೀವಿ."

ಮೇಡಂ ಕುರ್ಚಿ ಹಿಡಿದು ಕೂತುಬಿಟ್ಟರು. ಆಮೇಲೆ ನನ್ನ ಎಡಗೈ ಹಿಡಿದುಕೊಂಡು, "ನಿಮ್ದು ಅಂದ್ರಲ್ಲ, ಹಂಗಾದ್ರೆ ನಿಮ್ದು ಅಂತ ಕಾಯ್ಕಳ್ರಿ," ಎಂದರು.

ಸೋಮವಾರ ಟ್ಯೂಬ್ ಬಿಚ್ಚಿದೆ. ದಿನದ ಮಾಲು ಕಡಿಮೆಯಾಯಿತು. ಪಕ್ಕದ ಪ್ರೆಸ್ಸಿನ ಗೆಳೆಯ, "ಏನ್ ಗುರು, ಇಂಗ್ಲಿಷ್ ಕಲ್ತು ಬಳೆ ತೊಟ್ಕೊಂಡ್ಬಿಟ್ಯಾ?" ಎಂದು ಕಿಚಾಯಿಸಿದ. ಹಿಂದೆ ಬಿದ್ದು ಅಭ್ಯಾಸವಿಲ್ಲದವನು ನಾನು. ತಿರುಗಿ ಕಟ್ಟಿದರೂ ಕಟ್ಟಿಯೇನು ಎಂದು ಟ್ಯೂಬನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದೆ.

ಆ ವಾರವೇ, ಊಟದ ಸೈರನ್‌ಗೆ ಮುಂಚೆ, ಟ್ಯೂಬ್ ಕಟ್ಟಿದ್ದ ಗೆಳೆಯನ ಪ್ರೆಸ್ ಅವನ ಕೈ ಒಳಗಿದ್ದಾಗಲೇ ಇಳಿಯಿತು. ಅವನು ಕಿರುಚಲಿಲ್ಲ. ನನ್ನ ಕಡೆ ತಿರುಗಿ, "ಈಗ ಇಲ್ಲೇ ಇತ್ತಲ್ಲ ಮಗಾ," ಎಂದ, ಸಾಮಾನು ಹುಡುಕುವವನಂತೆ. ಮೂರು ಬೆರಳು ಹೋಗಿದ್ದವು. ನನ್ನ ಜೇಬಿನ ಟ್ಯೂಬಿನಿಂದಲೇ ಅವನ ಮಣಿಕಟ್ಟು ಬಿಗಿದೆ.

ಮೇಡಂ ಆಸ್ಪತ್ರೆಗೆ ಬಂದರು. ಗೆಳೆಯನ ಬ್ಯಾಂಡೇಜು ನೋಡಿ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. "ಬೆರಳು ಹೋಗೋದನ್ನ ಅವತ್ತು ಕಥೆ ಹೇಳ್ದಂಗೆ ಹೇಳಿ ನಗಿಸ್ಬಿಟ್ನಲ್ಲಪ್ಪಾ," ಎಂದು ನನ್ನ ಕಿವಿಯಲ್ಲಿ ಹೇಳಿದರು. ಅಂದಿನಿಂದ ಪ್ರತಿ ಪಾಠಕ್ಕೂ ಮುಂಚೆ, ಬಂದವರೆಲ್ಲ ಬಟನ್ ಒತ್ತುವ ರೀತಿಯನ್ನು ಅವರಿಗೆ ಮಾಡಿ ತೋರಿಸಲೇಬೇಕಿತ್ತು.

ಕೆಲವು ವರ್ಷಗಳ ನಂತರ ಮೇಡಂ ಮಲಗಿದಲ್ಲೇ ತೀರಿಕೊಂಡರು. ದೇಹವನ್ನು ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಬಂದವರು ಒಂದೊಂದು ಹಿಡಿ ಮಣ್ಣು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಬಗ್ಗಿ, ಬೊಗಸೆ ತುಂಬ ಹಾಕಿದೆ. ನನ್ನ ಹತ್ತೂ ಬೆರಳಿಗೆ ಮಣ್ಣು ಮೆತ್ತಿತು.