ಲಕ್ಷ್ಮಿಯ ತಟ್ಟೆಯಲ್ಲಿ ಎರಡು ಮೊಟ್ಟೆ

ಸ್ನೇಹಿತರೇ, ಇವತ್ತು ಬಿಸಿಯೂಟದ ಹೊತ್ತಿಗೆ ಮಂಕಿಯ ನಮ್ಮ ಶಾಲೆಯಲ್ಲಿ ನಾನೊಂದು ಕಳ್ಳತನ ಹಿಡಿದೆ. ಐದನೇ ತರಗತಿಯ ಲಕ್ಷ್ಮಿಯ ತಟ್ಟೆಯಲ್ಲಿ ಎರಡು ಮೊಟ್ಟೆ!

“ಇನ್ನೊಂದು ಯಾರದ್ದೇ?” ಎಂದು ಗದರಿದೆ. ಬಾಯಿ ತುಂಬ ಅನ್ನ ಇಟ್ಟುಕೊಂಡು ಕಣ್ಣು ಕಣ್ಣು ಬಿಟ್ಟಳು.

ರಂಜಾನ್ ಉಪವಾಸದಲ್ಲಿದ್ದ ಅವಳ ತರಗತಿಯ ಸುಹಾನಾ ಜಗುಲಿಯಿಂದ ಓಡಿ ಬಂದಳು. “ನಂದು ಟೀಚರ್! ಸೋಮವಾರ ಅವಳು ಮೀನು, ಮೊಟ್ಟೆ ಎಂತದೂ ಮುಟ್ಟೂದಿಲ್ಲ. ಅವತ್ತು ಅವಳದ್ದು ನಾನು ತಿನ್ನೂದು. ರೋಜಾ ಇದ್ದಾಗ ನಂದು ಅವಳಿಗೆ. ಎಂತಕ್ಕೆ ಬೈತ್ರಿ?”

ತಪ್ಪಾಯ್ತು ಎಂದೆ. “ಆತು ಬಿಡಿ” ಎಂದು ಲಕ್ಷ್ಮಿ ಊಟ ಮುಂದುವರಿಸಿದಳು.

ಇಂಥ ಮಕ್ಕಳು ಸಿಕ್ಕಿದ್ದು ನನ್ನ ಪುಣ್ಯ. ನಾಳೆಗೆಂದು ಸೌಹಾರ್ದದ ಪಾಠ ತಯಾರಿ ಮಾಡಿಟ್ಟಿದ್ದೆ. ಆ ಅವಧಿಯಲ್ಲಿ ಭಾಗಾಕಾರ ಮಾಡಿಸುತ್ತೇನೆ. ಅದರಲ್ಲಿ ಇಬ್ಬರೂ ಹಿಂದೆ.