ಫ್ರೆಂಚ್ ಕ್ಲಾಸಿನ ಪರ್ಮನೆಂಟ್ ವೇಟರ್

ಇವತ್ತು ಮುಂಬಯಿಯ ಪವಾಯಿಯಲ್ಲಿ ಮಗಳ ಶಾಲೆಗೆ ಹೋದಾಗ, ಫ್ರೆಂಚ್ ಕ್ಲಾಸಿನ ಮೇಜಿನ ಮೇಲೆ ಕಾಗದದ ಮೆನು, ಪ್ಲಾಸ್ಟಿಕ್ ಟ್ರೇ ಕಂಡು ಮೈಯೆಲ್ಲ ಉರಿಯಿತು.

ಮಲಾಡಿನಲ್ಲಿ ನಾನು ಓದಿದ ಶಾಲೆಯಲ್ಲೂ ಇದೇ ಆಟ. ಫ್ರೆಂಚ್ ಮಾತಾಡಿಸಲೆಂದು ಕ್ಲಾಸನ್ನೇ ರೆಸ್ಟೋರೆಂಟ್ ಮಾಡುತ್ತಿದ್ದರು. ಗಿರಾಕಿ ಯಾರು, ವೇಟರ್ ಯಾರು ಎಂದು ಎಲ್ಲರೂ ಚೀಟಿ ಎತ್ತಬೇಕು. ನನಗೆ ಮಾತ್ರ ಚೀಟಿಯಿಲ್ಲ. "ತೇರೆ ಪಪ್ಪಾ ಹೋಟೆಲ್ ಮೇ ಹೈ ನಾ? ತೂ ವೇಟರ್ ಬನ್," ಅಪ್ಪ ಹೋಟೆಲಿನಲ್ಲಿರುವಾಗ ನೀನೇ ವೇಟರ್ ಆಗು, ಎಂದು ಟೀಚರ್ ನಗುತ್ತಿದ್ದರು. ಆ ನಗುವನ್ನು ನಾನಿನ್ನೂ ಕ್ಷಮಿಸಿಲ್ಲ.

ಉಡುಪಿ ಕಡೆಯ ನನ್ನಪ್ಪ ಹೋಟೆಲಿನಲ್ಲಿ ಸಪ್ಲಾಯರ್. ಒಂದೇ ಕೈಯಲ್ಲಿ ನಾಲ್ಕು ದೋಸೆ ಪ್ಲೇಟು ಹೊರುತ್ತಿದ್ದರು. ಮನೆಯಲ್ಲೂ ನಿಂತೇ ಚಹಾ ಕುಡಿಯುವ ಅಭ್ಯಾಸ. ಒಂದು ಸಂಜೆ ನನ್ನಿಂದ ವಿಷಯ ಕೇಳಿ ಲೋಟ ಕೆಳಗಿಟ್ಟರು.

"ನಾಳೆ ನೀನು ಕುರ್ಚಿಯಲ್ಲಿ ಕೂತ್ಕೋ ಮಗಾ. ನಿಲ್ಲಲಿಕ್ಕೆ ನಾನೊಬ್ಬ ಸಾಕು."

ಕೂರುವ ಧೈರ್ಯ ನನಗಾಗಲಿಲ್ಲ. ಮೂರು ವರ್ಷ ನಿಂತೇ ಕಲಿತೆ. "ನಿಮಗೇನು ಬೇಕು?" ಎಂದು ಫ್ರೆಂಚಿನಲ್ಲಿ ಈಗಲೂ ಥಟ್ಟನೆ ಕೇಳಬಲ್ಲೆ. "ನನಗೆ ಇದು ಬೇಕು" ಎನ್ನಲು ಮಾತ್ರ ಬರುವುದಿಲ್ಲ.

"ಪೇರೆಂಟ್ಸ್ ಭೀ ಖೇಲೇಂಗೇ," ಅಪ್ಪ-ಅಮ್ಮಂದಿರೂ ಆಡಬೇಕು, ಎನ್ನುತ್ತ ಮಗಳ ಟೀಚರ್ ಟ್ರೇಯನ್ನು ನನ್ನತ್ತ ಚಾಚಿದರು. ಅದನ್ನು ಅವರ ಕೈಯಲ್ಲೇ ಬಿಟ್ಟು, ಕುರ್ಚಿ ಎಳೆದು ಕೂತೆ.