ಪೈಲ್ವಾನನ ಕಿವಿ ಹಿಡಿದ ಸಕ್ಕೂಬಾಯಿ

ಬೆಳಕು ಈಗಷ್ಟೇ ಹರಿಯುತ್ತಿದೆ. ಸೂಡಿ ಊರಿನ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ಬೀರಲಿಂಗನ ಕುರಿಗಳೆಲ್ಲ ಎದ್ದು ನಿಂತಿವೆ. ಅವನ್ನು ಕಾಯಬೇಕಾದ ಪೈಲ್ವಾನ ಮಾತ್ರ ಮಲಗೇ ಇದ್ದಾನೆ. ಪೈಲ್ವಾನ ಎಂದರೆ ನಾಯಿ. ಮೂರು ದಿನದಿಂದ ರೊಟ್ಟಿ ಮೂಸಿಲ್ಲ. ಮೂಗಿನಿಂದ ರಕ್ತ ಸೋರುತ್ತಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ ಸಕ್ಕೂಬಾಯಿ ಅವನ ಕಿವಿ ನೀವುತ್ತಾ, ಊರ ಸುದ್ದಿ ಹೇಳುತ್ತಾ, ಮಾತಿನ ನಡುವೆಯೇ ಕಿವಿಯ ತುದಿಗೆ ಸೂಜಿ ತಾಗಿಸುತ್ತಾರೆ. ಗಾಜಿನ ಪಟ್ಟಿಯ ಮೇಲೆ ಬಿದ್ದ ಹನಿ ರಕ್ತವನ್ನು ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆದು ಗಾಳಿಗೆ ಹಿಡಿಯುತ್ತಾರೆ.

ಉಷ್ಣವಾಗಿದೆಯೆಂದು ಮಜ್ಜಿಗೆ ಕುಡಿಸಿದ್ದೇನೆ ಎನ್ನುತ್ತಾನೆ ಬೀರಲಿಂಗ. ಸಕ್ಕೂಬಾಯಿ ಕಿವಿಯ ಒಳಮಗ್ಗುಲನ್ನು ತಿರುವಿ ತೋರಿಸುತ್ತಾರೆ. ಅಲ್ಲಿ ಉಣ್ಣಿಗಳ ಪಂಕ್ತಿ ಭೋಜನ ನಡೆದಿದೆ. ಅತಿಥಿಗಳಿಗೆ ನಾವು 'ಉಣ್ಣಿ' ಎಂದು ಹೇಳಬೇಕು, ಇವು ಹೇಳಿಸಿಕೊಳ್ಳುವುದಿಲ್ಲ. ರಕ್ತ ಉಂಡು, ಉಂಡ ಮನೆಗೇ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಬಿಟ್ಟು ಹೋಗುತ್ತವೆ.

ಅಸೂಟಿಯ ಸಕ್ಕೂಬಾಯಿ ದನದ ದವಾಖಾನೆಯೊಂದರಲ್ಲಿ ದಿನಗೂಲಿ ಸಹಾಯಕಿ. ಅದಕ್ಕೂ ಮೊದಲು ಊರೂರು ತಿರುಗುವ ಬಳೆಗಾರ್ತಿ. ಪೇಟೆಯ ಪ್ಲಾಸ್ಟಿಕ್ ಬಳೆ ಬಂದು ಆ ವ್ಯಾಪಾರ ಒಡೆಯಿತು, ಕೈಯ ಹದ ಮಾತ್ರ ಒಡೆಯಲಿಲ್ಲ. "ಬಳಿ ಇಡಿಸ್ಕೊಳ್ಳೋರು ಅಂಜಿ ಕೈ ಬಿಗಿ ಹಿಡೀತಾರ್ರಿ. ಮಾತಿಗಿ ಹಚ್ಚಿದ್ರ ಸಡ್ಲ ಬಿಡ್ತಾರ. ನಾಯಿನೂ ಹಂಗ," ಎನ್ನುತ್ತಾರೆ.

ಹಳೆಯ ಬಳೆ ಪೆಟ್ಟಿಗೆಯಲ್ಲೀಗ ಹತ್ತಿ ಹಾಸಿ ಮಲಗಿಸಿದ ಗಾಜಿನ ಪಟ್ಟಿಗಳು. ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ರೋಣದ ಬಸ್ಸಿನಲ್ಲಿ ಕೂರುತ್ತಾರೆ. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳುವ ಕಂಡಕ್ಟರನ ಮೂಗಿನ ದನಿಯನ್ನು ಸಕ್ಕೂಬಾಯಿ ಥೇಟ್ ಹಾಗೇ ತೆಗೆಯುತ್ತಾರೆ. "ನಾಯಿ ರಕ್ತ ಅಂದ್ರ ಸಾಕ್ರಿ, ಬಾಜೂಕಿನ ಸೀಟ್ ಖಾಲಿ. ಆರಾಮ ಕುಂತು ಹೋಗ್ತೀನಿ." ಮೊಣಕಾಲು ನೋವಿಗೆ ಅದೊಂದೇ ಉಪಶಮನ. ಮುಂಗೈಯಲ್ಲಿ ನಾಯಿ ಹಲ್ಲಿನ ಗುರುತುಗಳಿವೆ. ಇನ್ನು ನಾಯಿಗೆ ಬಳೆ ಇಡಿಸುತ್ತೀಯಾ ಎಂದು ನಕ್ಕ ಗೆಳತಿಯರ ಮಾತು ಅದಕ್ಕಿಂತ ಆಳಕ್ಕೆ ನಾಟಿತ್ತು.

ರೋಣದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಈ ಗಾಜುಗಳನ್ನು ನೋಡುವವರು ಪಶುವೈದ್ಯೆ ಡಾಕ್ಟರ್ ಯಶೋಧರಾ. ಸಕ್ಕೂಬಾಯಿ ತರುವ ಹತ್ತು ಗಾಜುಗಳಲ್ಲಿ ಮೂರ್ನಾಲ್ಕರಲ್ಲಿ ಉಣ್ಣಿ ಹರಡುವ ಈ ಸೋಂಕು ಕಾಣುತ್ತದಂತೆ. ಬಾಲ ಅಲ್ಲಾಡಿಸುತ್ತ ಓಡಾಡುವ ನಾಯಿಗಳಲ್ಲೂ ಉಂಟು. ಸೋಂಕಿದ್ದೂ ಗಾಜಿನಲ್ಲಿ ಕಾಣದೆ ತಪ್ಪಿಸಿಕೊಂಡವು ಬೇರೆ. ಬೇಗ ಗೊತ್ತಾದರೆ ಸುಮಾರು ಒಂದು ತಿಂಗಳ ಮಾತ್ರೆಯಲ್ಲಿ ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ ಎಂಬುದೇ ಅವರ ಧೈರ್ಯ.

ಪೈಲ್ವಾನನ ಗಾಜಿನಲ್ಲೂ ಸೋಂಕು ಕಾಣುತ್ತದೆ. ಸಕ್ಕೂಬಾಯಿ ಮರಳಿ ಬಂದಾಗ ಮಾತ್ರೆಗೆ ಬೀರಲಿಂಗ ಒಪ್ಪುತ್ತಾನೆ, ಉಣ್ಣಿ ಔಷಧದ ಸ್ನಾನಕ್ಕೆ ಒಪ್ಪುವುದಿಲ್ಲ. ಈ ಹಟ್ಟಿಯ ಕುರಿಗಾರರು ಕುರಿಗಳನ್ನೆಲ್ಲ ಔಷಧದ ನೀರಿನಲ್ಲಿ ಮುಳುಗಿಸುತ್ತಾರೆ, ನಾಯಿಯನ್ನು ಮಾತ್ರ ದೂರ ಕಟ್ಟುತ್ತಾರೆ. ಔಷಧದ ಘಾಟಿಗೆ ಮೂಗು ಕೆಟ್ಟರೆ ತೋಳ ಬಂದದ್ದು ತಿಳಿಯುವುದಿಲ್ಲ ಎಂಬ ಅಂಜಿಕೆ. ಹೋದ ವರ್ಷವೂ ಅವನು ಇದನ್ನೇ ಹೇಳಿ ಸಕ್ಕೂಬಾಯಿಯನ್ನು ವಾಪಸು ಕಳಿಸಿದ್ದ. ಔಷಧ ಹಾಕದಿದ್ದರೆ ಮತ್ತೆ ಉಣ್ಣಿ, ಮತ್ತೆ ಇದೇ ರೋಗ; ಇನ್ನೊಮ್ಮೆ ಪೈಲ್ವಾನ ಏಳುತ್ತಾನೆಂದು ಯಾರೂ ಹೇಳಲಾರರು.

"ಮೂಗ ಉಳೀಲಿ ಅಂತ ಔಷಧ ಬ್ಯಾಡ ಅಂದಿ. ಈಗ ಅದ ಮೂಗಿನಾಗ ರಕ್ತ ಬರಾಕತ್ತೈತಿ, ತಮ್ಮಾ," ಎನ್ನುತ್ತಾರೆ ಸಕ್ಕೂಬಾಯಿ.

ಬೀರಲಿಂಗ ಹೆಗಲ ವಸ್ತ್ರದ ತುದಿಯಿಂದ ನಾಯಿಯ ಮೂಗು ಒರೆಸುತ್ತಾನೆ. "ಮೂಗ ಹೋತಂದ್ರ ನೀನ ಬಂದು ಕುರಿ ಕಾಯಬೇಕ ನೋಡಕ್ಕಾ."

"ಕಾಯ್ತೀನಿ ಬಿಡಪಾ. ಬೊಗಳಾಕೂ ಬರತೈತಿ ನನಗ."

ಸುಮಾರು ಒಂದು ತಿಂಗಳು ರೊಟ್ಟಿಯ ತುತ್ತಿನಲ್ಲಿ ಮಾತ್ರೆ ಹೋಗುತ್ತದೆ. ಪೈಲ್ವಾನ ಎದ್ದು ನಿಂತ ಮೇಲೆ ಸಕ್ಕೂಬಾಯಿಯ ಕೈಯಿಂದಲೇ ಔಷಧದ ಸ್ನಾನವೂ ಆಗುತ್ತದೆ. ಇನ್ನು ಉಳಿದದ್ದು ಮೂಗಿನ ಪರೀಕ್ಷೆ. ಅದು ತಾನಾಗಿಯೇ ನಡೆಯುತ್ತದೆ.

ಇನ್ನೊಂದು ಬೆಳಗು. ಸಕ್ಕೂಬಾಯಿ ಬಸ್ಸಿಳಿದು ಬದುವಿನಾಚೆ ಬರುತ್ತಿದ್ದಾರೆ; ಹಟ್ಟಿಯಲ್ಲಿ ಯಾರ ಕಣ್ಣಿಗೂ ಇನ್ನೂ ಬಿದ್ದಿಲ್ಲ. ಗಾಳಿ ಅವರ ಕಡೆಯಿಂದ ಬೀಸುತ್ತದೆ. ಪೈಲ್ವಾನ ತಲೆಯೆತ್ತಿ ಒಮ್ಮೆ ಮೂಸುತ್ತಾನೆ, ಮರುಕ್ಷಣವೇ ಓಡಿ ಕುರಿಗಳ ನಡುವೆ ಅಡಗಿಕೊಳ್ಳುತ್ತಾನೆ. ಬೀರಲಿಂಗನಿಗೆ ನಗು ತಡೆಯಲಾಗುವುದಿಲ್ಲ. ಮುಂದಿನ ಸಲ ಕುರಿಗಿಂತ ಮೊದಲು ನಾಯಿಯನ್ನೇ ಮೀಯಿಸುತ್ತೇನೆ ಎಂದು ತಾನಾಗಿಯೇ ಹೇಳುತ್ತಾನೆ.

ನಿಮ್ಮ ಆಸೆ ಏನೆಂದು ಕೇಳಿದರೆ ಸಕ್ಕೂಬಾಯಿ ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. "ನನ್ನ ಕಂಡ ನಾಯಿ ಎಲ್ಲಾ ಹಿಂಗ ಓಡ್ಲಿರಿ. ಓಡಾಕತ್ತೈತಿ ಅಂದ್ರ ಆರಾಮ ಐತಿ ಅಂತಲ್ಲ?"